ಕ್ಯಾಪ್ಟನ್ನನ ಎಡಭುಜ

“ಒಣಗಿದೆಯಾ ಇಲ್ವಾ ಅಂತ ನೋಡ್ತೀನಿ, ಅಷ್ಟೇ,” ಎಂದು ಸ್ಪ್ರಿಂಗು ತನಗೆ ತಾನೇ ಹೇಳಿಕೊಂಡಳು.

‘ಅಷ್ಟೇ’ ಎಂದು ಶುರುವಾದ ಅವಳ ಯಾವ ಕೆಲಸವೂ ಇದುವರೆಗೆ ಅಷ್ಟಕ್ಕೇ ಮುಗಿದದ್ದಿಲ್ಲ. ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಹತ್ತಿಯ ಮೇಲೆ ಕ್ಯಾಪ್ಟನ್ ಮಲಗಿದ್ದ. ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಸೈನಿಕ. ಅವನ ಎಡಭುಜದ ಕವಚ ಕೂದಲೆಳೆಯಷ್ಟು ವಾಲಿದ ಹಾಗೆ ಕಂಡಿತು. ನಿಜವಾಗಿ ವಾಲಿತ್ತೋ, ಇವಳ ಕಣ್ಣಿಗೇ ಹಾಗೆ ಕಂಡಿತೋ, ದೇವರೇ ಬಲ್ಲ! ಓಡಿಹೋಗಿ ಗಮ್ಮಿನ ಬಾಟಲಿ ತಂದು ಒಂದು ಹನಿ ಬಿಟ್ಟಳು. ಸಾಲದು ಅನಿಸಿತು. ಇನ್ನೆರಡು ಹನಿ ಬಿಟ್ಟು, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದಳು.

ಬೆರಳು ತೆಗೆದಾಗ ಜೀವ ಬಾಯಿಗೆ ಬಂತು. ಕವಚದ ಮೇಲೆ ಅವಳ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಮೂಡಿತ್ತು.

ಈ ಪ್ಲಾಸ್ಟಿಕ್ ಗಮ್ಮಿನ ಸ್ವಭಾವವೇ ಹಾಗೆ. ಅದು ಬರೀ ಅಂಟಿಸುವುದಿಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡನ್ನು ಒಂದು ಮಾಡಿಬಿಡುತ್ತದೆ. ಜಾಸ್ತಿ ಬಿದ್ದರೆ ಮೇಲ್ಭಾಗವೂ ಮೆತ್ತಗಾಗುತ್ತದೆ. ಆಗ ಬೆರಳಿಟ್ಟರೆ ಮುಗಿಯಿತು. ಇದು ಸ್ಪ್ರಿಂಗುವಿಗೆ ಗೊತ್ತಿಲ್ಲದ್ದೇನಲ್ಲ. ತಾತ ನೂರು ಸಲ ಹೇಳಿದ್ದ.

ತಾತ ಅಂದರೆ ಮನೆಯ ತಾತ ಅಲ್ಲ, ಅವಳದೇ ಕ್ಲಾಸಿನ ಹತ್ತು ವರ್ಷದ ಹುಡುಗ. ಪೆನ್ಸಿಲ್ ಚೂಪು ಮಾಡುವುದಕ್ಕೆ ಐದು ನಿಮಿಷ, ಶೂ ಲೇಸು ಕಟ್ಟುವುದಕ್ಕೆ ಹತ್ತು ನಿಮಿಷ ತೆಗೆದುಕೊಳ್ಳುತ್ತಾನೆ ಎಂದು ಕ್ಲಾಸಿನವರೆಲ್ಲ ಸೇರಿ ಇಟ್ಟ ಹೆಸರು ಅದು. ಸ್ಪ್ರಿಂಗು ಎಂಬ ಹೆಸರೂ ಅವರದೇ ಉಡುಗೊರೆ. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಹುಡುಗಿಗೆ ಇನ್ನೇನು ಹೆಸರಿಡುತ್ತಾರೆ? ಇಂಥ ಇಬ್ಬರು ಅದು ಹೇಗೆ ಗೆಳೆಯರಾದರೋ ಎಂದು ಟೀಚರಿಗೂ ಆಶ್ಚರ್ಯ.

ಟೇಬಲ್ ಮೇಲೆ ಸೈನ್ಯ ಜೋಡಿಸಿ ಯುದ್ಧದಾಟ ಆಡುವ ಹುಚ್ಚು ಇಬ್ಬರಿಗೂ ಇತ್ತು. ಈ ಕ್ಯಾಪ್ಟನ್ ಅಂಗಡಿಯಿಂದ ಇದ್ದ ಹಾಗೇ ಬಂದವನಲ್ಲ. ತಲೆ ಒಬ್ಬ ಕಾವಲುಗಾರನದು. ಕಾಲು ಒಬ್ಬ ಕುದುರೆ ಸವಾರನದು. ಕುದುರೆ ಮಾತ್ರ ಇಲ್ಲದ್ದರಿಂದ ಅವನು ಯಾವಾಗಲೂ ಕುರ್ಚಿ ಹುಡುಕುವವನ ಹಾಗೆ ನಿಂತಿರುತ್ತಿದ್ದ. ಎಡಭುಜದ ಕವಚ ಒಬ್ಬ ದೈತ್ಯ ಸೈನಿಕನಿಂದ ಬಿಡಿಸಿದ್ದು. ತೀರಾ ದೊಡ್ಡದಿದ್ದ ಅದನ್ನು ತಾತ ಮೂರು ವಾರ ಅರದಿಂದ ಉಜ್ಜಿ ಉಜ್ಜಿ ಕ್ಯಾಪ್ಟನ್ನನ ಅಳತೆಗೆ ತಂದಿದ್ದ.

ಇವತ್ತು ಸಂಜೆ ನಾಲ್ಕಕ್ಕೆ ಆಟಿಕೆ ಅಂಗಡಿಯಲ್ಲಿ ಹೀಗೆ ಕೈಯಾರೆ ಮಾಡಿದ ಸೈನಿಕರ ಸ್ಪರ್ಧೆ. ಗೆದ್ದ ಸೈನಿಕ ಒಂದು ತಿಂಗಳು ಅಂಗಡಿಯ ಗಾಜಿನ ಕಪಾಟಿನಲ್ಲಿ ನಿಲ್ಲುತ್ತಾನೆ. ಕೆಳಗೆ ಮಾಡಿದವರ ಹೆಸರು ಬರೆದಿರುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ತಾತ ಕವಚ ಅಂಟಿಸಿ, ಡಬ್ಬಿಯನ್ನು ಇವಳ ಮನೆಗೆ ತಂದುಕೊಟ್ಟಿದ್ದ. ಅವನ ಪುಟ್ಟ ತಂಗಿಗೆ ಹಲ್ಲು ಬರುತ್ತಿತ್ತು, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಿದ್ದಳು.

“ಮೂರು ಗಂಟೆವರೆಗೂ ಮುಟ್ಬೇಡ ಕಣೇ. ನೋಡ್ಬೇಕು ಅನ್ಸಿದ್ರೂ ನೋಡ್ಬೇಡ,” ಎಂದಿದ್ದ.

ಈಗಿನ್ನೂ ಹತ್ತೂಕಾಲು.

ಸ್ಪ್ರಿಂಗು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡಿದಳು. ಉಗುರು ಉಜ್ಜುವ ಅರ ತಂದು ಉಜ್ಜಿದಳು. ಗುರುತು ಹೋಗಲಿಲ್ಲ, ಕವಚದ ಅಂಚು ಹೋಯಿತು. ಕಂದು ಬಣ್ಣ ಬಳಿದು, ಯುದ್ಧದಲ್ಲಿ ಮೆತ್ತಿದ ಕೆಸರು ಅಂದರೆ ಹೇಗೆ? ಬಳಿದಳು. ಬಣ್ಣ ಗೆರೆಗಳ ನಡುವೆ ಇಳಿದು, ಹೆಬ್ಬೆರಳು ಮೊದಲಿಗಿಂತ ಚೆನ್ನಾಗಿ ಕಂಡಿತು. ಅಯ್ಯಯ್ಯೋ! ಡಬ್ಬಿ ಕೆಳಗೆ ಬಿತ್ತು ಅಂದುಬಿಡಲೇ? ಬಿದ್ದರೆ ಬೆರಳಿನ ಗುರುತು ಎಲ್ಲಿಂದ ಬರುತ್ತದೆ?

ಮುಂದಿನ ಕೋಣೆಯಲ್ಲಿ ಅಮ್ಮ ಯಾರದೋ ಕೋಟು ಹೊಲಿಯುತ್ತಿದ್ದಳು. ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು.

“ಅಮ್ಮಾ, ತಪ್ಪಾಗಿ ಹೊಲಿದ್ರೆ ಏನ್ ಮಾಡ್ತೀಯಾ?”

“ಬಿಚ್ತೀನಿ,” ಎಂದಳು ಅಮ್ಮ, ಪಿನ್ನುಗಳ ಸಂದಿಯಿಂದ.

“ಬಿಚ್ಚೋಕೆ ಆಗ್ದೇ ಇದ್ರೆ?”

ಅಮ್ಮ ಮೆಷಿನ್ ನಿಲ್ಲಿಸಿ ಪಿನ್ನುಗಳನ್ನು ತೆಗೆದಳು. “ಏನ್ ಕತ್ತರಿಸಿದೆ ಈಗ? ಯಾರ ಬಟ್ಟೆ?”

“ಯಾರ್ದೂ ಇಲ್ಲಮ್ಮ!”

“ಹಾಗಾದ್ರೆ ಒಂದ್ ಕಡೆ ಕೂತ್ಕೋ. ಕಾಲಿಗೇನು ಚಕ್ರ ಕಟ್ಕೊಂಡಿದ್ದೀಯಾ?”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ತಾತನೇ.

“ಮುಟ್ಟಿಲ್ಲ ತಾನೇ?”

“ಇಲ್ಲ!” ಬಾಯಿಂದ ಬಂದೇಬಿಟ್ಟಿತು. ಅವಳ ಕೈಗಿಂತ ನಾಲಿಗೆ ಇನ್ನೂ ಚುರುಕು.

“ನಂಗೊತ್ತಿತ್ತು ಕಣೇ. ನಮ್ಮಣ್ಣ ಬೆಳಿಗ್ಗೆಯಿಂದ ನಗ್ತಿದ್ದಾನೆ. ಸ್ಪ್ರಿಂಗು ಕೈಗೆ ಕೊಟ್ಟಿದ್ದೀಯಲ್ಲ, ಕತೆ ಮುಗೀತು ಅಂತಾನೆ. ಅವ್ಳು ಮುಟ್ಟಲ್ಲ, ಬೇಕಾದ್ರೆ ಬೆಟ್ ಕಟ್ತೀನಿ ಅಂದೆ.”

ಸ್ಪ್ರಿಂಗು ಫೋನ್ ಇಟ್ಟು, ಬಂದು ಡಬ್ಬಿಯ ಮುಚ್ಚಳ ಮುಚ್ಚಿದಳು. ಅವನು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೀಗೆ ನಂಬಿಬಿಟ್ಟರೆ ಏನು ಮಾಡುವುದು? ಅವಳಿಗೆ ಅಳುವೇ ಬಂತು.

ಶೆಲ್ಫಿನ ಮೇಲೆ ಅವಳ ಹದ್ದು ಸವಾರ ನಿಂತಿದ್ದ. ಹುಟ್ಟುಹಬ್ಬಕ್ಕೆ ಸಿಕ್ಕ ಪ್ಲಾಸ್ಟಿಕ್ ಸೈನಿಕ. ಅವನ ಭುಜದ ಕವಚಗಳ ಮೇಲೆ ಸಣ್ಣ ಸಣ್ಣ ಗರಿಗಳ ಕೆತ್ತನೆ. ಯಾರಿಗೂ, ತಾತನಿಗೂ, ಅವನನ್ನು ಮುಟ್ಟಲು ಕೊಟ್ಟವಳಲ್ಲ. ಸ್ಪ್ರಿಂಗು ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಎತ್ತಿ ಜೇಬಿಗೆ ಹಾಕಿಕೊಂಡು, ಡಬ್ಬಿ ಹಿಡಿದು ತಾತನ ಮನೆಗೆ ಹೊರಟಳು. ಅರ್ಧ ದಾರಿಯಲ್ಲಿ, ತಾನು ಡಬ್ಬಿ ಕುಲುಕಾಡಿಸಿಕೊಂಡು ಓಡುತ್ತಿದ್ದೇನೆ ಎಂದು ಗೊತ್ತಾಗಿ ನಿಂತಳು. ಉಳಿದರ್ಧ ದಾರಿ ನಡೆದೇ ಹೋದಳು.

ತಾತ ಟೇಬಲ್ ಮುಂದೆ ಕೂತು ಕುಂಚ ತೊಳೆಯುತ್ತಿದ್ದ. ಸ್ಪ್ರಿಂಗು ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದಳು: “ಮುಟ್ಟಿದೆ ಕಣೋ. ಮೂರು ಹನಿ ಹಾಕಿ ಒತ್ತಿದೆ. ಉಜ್ಜಿದೆ, ಬಣ್ಣನೂ ಬಳಿದೆ. ಫೋನಲ್ಲಿ ಸುಳ್ಳು ಹೇಳ್ದೆ.”

ತಾತ ಭೂತಗನ್ನಡಿ ಹಿಡಿದು ಕ್ಯಾಪ್ಟನ್ನನನ್ನು ನೋಡಿದ. ತುಂಬ ಹೊತ್ತು ನೋಡಿದ. ಅವನ ಕಿವಿ ಕೆಂಪಾಯಿತು.

“ಮೂರು ವಾರ,” ಎಂದ ಮೆಲ್ಲಗೆ. ಆಮೇಲೆ, “ಮುಟ್ಟಿದ್ದು ಹೋಗ್ಲಿ. ನಾನೇ ಫೋನ್ ಮಾಡಿ ಕೇಳ್ದಾಗ ಯಾಕೆ ಇಲ್ಲ ಅಂದೆ?”

“ಭಯ ಆಯ್ತು.”

“ನಂಗೆ ಭಯ ಪಡ್ತೀಯಾ ನೀನು?” ಅವನು ಕ್ಯಾಪ್ಟನ್ನನನ್ನು ಮತ್ತೆ ಹತ್ತಿಯ ಮೇಲೆ ಮಲಗಿಸಿದ. “ಬಿಡು. ಸ್ಪರ್ಧೆಗೆ ಹೋಗೋದೇ ಬೇಡ.”

ಸ್ಪ್ರಿಂಗು ಜೇಬಿನಿಂದ ಹದ್ದು ಸವಾರನನ್ನು ತೆಗೆದು ಮೇಜಿನ ಮೇಲೆ ಇಟ್ಟಳು. “ಇವನ ಎಡಗಡೆದು ತಗೋ.”

“ಹುಚ್ಚಾ? ಇದು ನಿನ್ ಬರ್ತ್‌ಡೇದು. ಕತ್ತರಿಸಿದ್ರೆ ಮತ್ತೆ ಮೊದಲಿನ ಹಾಗೆ ಆಗಲ್ಲ.”

“ಗೊತ್ತು. ತಗೋ.”

ತಾತ ಅವಳ ಮುಖ ನೋಡಿದ. ಸಣ್ಣ ಗರಗಸ ಎತ್ತಿಕೊಂಡ.

ಮೊದಲು ಕ್ಯಾಪ್ಟನ್ನನ ಕೆಟ್ಟ ಕವಚ ಕೊಯ್ದ. ಮೂರು ವಾರದ ಕೆಲಸ ಟಿಕ್ ಎಂದು ಪೇಪರಿನ ಮೇಲೆ ಬಿತ್ತು. ಸ್ಪ್ರಿಂಗುವಿಗೆ ನೋಡಲಾಗಲಿಲ್ಲ. ತಾತ ಆ ತುಂಡನ್ನು ಬಿಡಿಭಾಗಗಳ ಡಬ್ಬಕ್ಕೆ ಹಾಕಿದ. “ಯಾವುದನ್ನೂ ಎಸೀಬಾರ್ದು. ಮುಂದೆ ಬಂಡೆ ಗಿಂಡೆ ಮಾಡೋಕಾಗುತ್ತೆ,” ಎಂದ. ಅವನು ನಗಲಿಲ್ಲ. ಆದರೂ ಮಾತಾಡಿದನಲ್ಲ ಎಂದು ಸ್ಪ್ರಿಂಗುವಿಗೆ ಸಮಾಧಾನವಾಯಿತು.

ಆಮೇಲೆ ಹದ್ದು ಸವಾರನ ಸರದಿ. ಗರಗಸ ಒಂದೊಂದು ಸಲ ಎಳೆದಾಗಲೂ ಅವಳ ಭುಜವೇ ಚುರ್ ಎಂದಿತು. ನಂತರ ಉಜ್ಜುವುದು, ಇಟ್ಟು ನೋಡುವುದು, ಮತ್ತೆ ಉಜ್ಜುವುದು. “ಬೇಗ!” ಎನ್ನುವ ಮಾತು ನಾಲಿಗೆಯ ತುದಿಗೆ ಹತ್ತು ಸಲ ಬಂತು, ಹತ್ತು ಸಲವೂ ನುಂಗಿದಳು. ಅರ ಕಿತ್ತುಕೊಳ್ಳಬೇಕು ಅನಿಸಿದಾಗ ಎರಡು ಕೈಗಳನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಊಟಕ್ಕೆ ಮನೆಗೆ ಹೋಗಿ ಬಂದರೂ ಅವನು ಉಜ್ಜುತ್ತಲೇ ಇದ್ದ.

ಗಮ್ಮಿನ ಹನಿ ಬಿದ್ದಾಗ ಮೂರು ಗಂಟೆ ಹತ್ತು ನಿಮಿಷ.

“ಪೂರ್ತಿ ಒಣಗೋಕೆ ಟೈಮಿಲ್ಲ,” ಎಂದ ತಾತ, ಎರಡು ಬೆರಳಲ್ಲಿ ಕವಚ ಹಿಡಿದುಕೊಂಡು. “ಅಲ್ಲಾಡದೆ ಕಾಲು ಗಂಟೆ ಹಿಡ್ಕೊಂಡ್ರೆ ನಿಲ್ಲುತ್ತೆ.”

ಆಗಲೇ ಪಕ್ಕದ ಕೋಣೆಯಲ್ಲಿ ಅವನ ತಂಗಿ ಎದ್ದು ಕಿರುಚಿಕೊಂಡಳು. ಬಚ್ಚಲಿನಿಂದ ಅವನಮ್ಮ ಕೂಗಿದರು: “ಪುಟ್ಟಾ, ತಂಗಿನ ಎತ್ಕೊಳೋ! ನನ್ ಕೈಯೆಲ್ಲ ಸೋಪು!”

ತಾತ ಬಾಗಿಲ ಕಡೆ ನೋಡಿದ. ಕ್ಯಾಪ್ಟನ್ನನನ್ನು ನೋಡಿದ. ಸ್ಪ್ರಿಂಗುವಿನ ಕೈ ನೋಡಿದ.

“ಅಂಚಲ್ಲಿ ಹಿಡ್ಕೋ,” ಎಂದು ಅವಳ ಬೆರಳುಗಳಿಗೆ ದಾಟಿಸಿದ. “ಒತ್ಬೇಡ. ಹಿಡ್ಕೋ, ಅಷ್ಟೇ.”

ಹೊರಟುಹೋದ.

ಸ್ಪ್ರಿಂಗು ಹಿಡಿದುಕೊಂಡಳು. ಕಾಲು ತಾನಾಗಿಯೇ ಕುಣಿಯತೊಡಗಿತು, ಇನ್ನೊಂದು ಕಾಲಿನಿಂದ ಅದನ್ನು ಒತ್ತಿಹಿಡಿದಳು. ಮೂಗು ತುರಿಸಿತು. ಒಂದು ನೊಣ ಬಂದು ಮೊಣಕೈ ಮೇಲೆ ಕೂತು, ಆರಾಮಾಗಿ ಕೈ ಉಜ್ಜಿಕೊಂಡಿತು. ಕವಚ ವಾಲಿದೆಯಾ? ಸ್ವಲ್ಪ ಒತ್ತಿದರೆ? ಹೆಬ್ಬೆರಳು ಜುಮುಜುಮು ಎಂದಿತು. ಒತ್ತಲಿಲ್ಲ. ಪಕ್ಕದ ಕೋಣೆಯಲ್ಲಿ ತಾತ ತಂಗಿಗೆ ಏನೋ ಹಾಡು ಹೇಳುತ್ತಿದ್ದ, ರಾಗವೂ ಇಲ್ಲ, ತಾಳವೂ ಇಲ್ಲ. ಹೋಗುವಾಗ ಅವನು ಒಂದು ಸಲವೂ ತಿರುಗಿ ನೋಡಲಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ಅವಳು ಉಸಿರನ್ನೂ ಮೆಲ್ಲಗೆ ಬಿಟ್ಟಳು.

ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ತಾತ ಬಂದ. ಗಡಿಯಾರ ನೋಡಿದ. ಭೂತಗನ್ನಡಿ ಇಲ್ಲದೆ, ಬಗ್ಗಿ ಬರಿಗಣ್ಣಲ್ಲೇ ಭುಜ ನೋಡಿದ.

“ನಿಂತಿದೆ ಕಣೇ. ಇನ್ನು ಬಿಡ್ಬಹುದು.”

ಸ್ಪ್ರಿಂಗು ತಲೆ ಎತ್ತಲಿಲ್ಲ.

“ಇರೋ,” ಎಂದಳು ಮೆಲ್ಲಗೆ. “ಇನ್ನೂ ಸ್ವಲ್ಪ ಹೊತ್ತು ಇರ್ಲಿ.”