ಫ್ರಾಕಿನ ನಾಲ್ಕು ಮಡಿಕೆ

ಬಾಗಿಲು ತೆರೆದಾಗ ಅವಳ ತುಟಿಗಳ ನಡುವೆ ಮೂರು ಗುಂಡುಸೂಜಿಗಳಿದ್ದವು, ಸೊಂಟದ ಮೇಲೆ ಮಗುವಿತ್ತು.

ಹೊಸ್ತಿಲಿನಾಚೆ ಎತ್ತರದ ಮನುಷ್ಯನೊಬ್ಬ ನಿಂತಿದ್ದ. ಕೈಯಲ್ಲಿ ತಗಡಿನ ಪೆಟ್ಟಿಗೆ. ಬಿಸಿಲಿಗೂ ಗಾಳಿಗೂ ಕಂದಿಹೋದ ಮುಖ. ಅವನು ಅವಳ ಕಡೆ ನೋಡಲೇ ಇಲ್ಲ. ಮಗುವನ್ನೇ ನೋಡುತ್ತಿದ್ದ.

ಮಗು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆಯಿತು. ಆಮೇಲೆ, ಎಷ್ಟೋ ಕಾಲದಿಂದ ಬಲ್ಲವರಿಗೆ ನಗುವಂತೆ, ಎರಡು ಹಲ್ಲು ತೋರಿಸಿ ನಕ್ಕಿತು.

ಪೆಟ್ಟಿಗೆ ಅವನ ಕೈಜಾರಿ ಧಡ್ ಎಂದು ಬಿತ್ತು.

"ಅಕ್ಕನ ನಗು..." ಎಂದ. ಅವನ ಕಣ್ಣು ತುಂಬಿ ಹರಿಯಿತು.

ಅವಳು ಮಗುವನ್ನು ಎದೆಗೆ ಅವುಚಿಕೊಂಡಳು. ಬಂದೇಬಿಟ್ಟ! ಬರುತ್ತಾನೆಂದು ಗೊತ್ತಿತ್ತು. ಆದರೆ ಹುಟ್ಟುಹಬ್ಬಕ್ಕೆ ಇನ್ನೂ ಹತ್ತು ದಿನ ಇತ್ತಲ್ಲ...

ಒಳಗಿನಿಂದ ಅವಳ ಅಜ್ಜಿಯ ದನಿ ಕೇಳಿತು. "ಬೀಗರೇ, ಅಲ್ಲೇ ನಿಂತು ಅತ್ತರೆ ನನ್ನ ಹೊಸ್ತಿಲು ನೆನೆಯುತ್ತೆ. ಒಳಗೆ ಬಂದು ಅಳಿ."

ಮಗುವಿಗೆ ಮೂರು ತಿಂಗಳಾಗಿದ್ದಾಗ ಅದರ ತಂದೆ ತಾಯಿ ಒಂದೇ ರಸ್ತೆಯಲ್ಲಿ, ಒಂದೇ ಗಳಿಗೆಯಲ್ಲಿ ತೀರಿಕೊಂಡಿದ್ದರು. ತಂದೆ ಅವಳ ಅಣ್ಣ. ತಾಯಿ ಇವನ ಅಕ್ಕ. ಇವನೋ ಹಡಗಿನ ಅಡುಗೆಯವನು. ಅಕ್ಕನ ಮದುವೆಗೂ ಬರಲಾಗಿರಲಿಲ್ಲ, ಮಣ್ಣಿಗೂ ಬರಲಾಗಲಿಲ್ಲ. ಅಂದು ದೂರದಿಂದ ಫೋನು ಮಾಡಿ, "ನನ್ನನ್ನು ಸಾಕಿದವಳು ಅಕ್ಕ. ಅವಳ ಮಗುವನ್ನು ನಾನು ಸಾಕಬೇಕು. ಒಂದು ವರ್ಷ ತುಂಬಿದ ದಿನ ಕರೆದುಕೊಂಡು ಹೋಗುತ್ತೇನೆ," ಎಂದಿದ್ದ.

ಅವಳು ಆ ದಿನದ ಮರಗಟ್ಟಿದ ಮನಸ್ಸಿನಲ್ಲಿ, "ಆಗಲಿ," ಎಂದುಬಿಟ್ಟಿದ್ದಳು.

ಒಂದೇ ಮಾತು. ಆದರೆ ಕೊಟ್ಟ ಮಾತು. ಆಮೇಲಿನ ಒಂಬತ್ತು ತಿಂಗಳು ಆ ಮಗು ಅವಳ ಹೊಲಿಗೆ ಯಂತ್ರದ ಕೆಳಗೆ, ದಾರದ ಉಂಡೆಗಳ ನಡುವೆ ತೆವಳುತ್ತ ಬೆಳೆಯಿತು. ಅಜ್ಜಿ ಅದಕ್ಕೆ ಉಂಡೆ ಎಂದೇ ಹೆಸರಿಟ್ಟಳು.

ಅವನು ಪಕ್ಕದ ಬೀದಿಯಲ್ಲಿ ಕೋಣೆ ಹಿಡಿದ. ದಿನವೂ ಬೆಳಿಗ್ಗೆ ಬರುತ್ತಿದ್ದ. ಮೊದಲ ದಿನವೇ, "ನಿಮಗೆ ಹೊಲಿಗೆ ಕೆಲಸ ಇರುತ್ತೆ, ಅಡುಗೆ ನನಗೆ ಬಿಡಿ," ಎಂದು ತರಕಾರಿ ಸೂಪು ಮಾಡಿದ. ಮನೆಯಲ್ಲಿದ್ದ ಪಾತ್ರೆಗಳೆಲ್ಲ ತುಂಬಿ, ನೀರಿನ ಬಕೆಟ್ಟೂ ತುಂಬಿತು.

ಅಜ್ಜಿ ಬಕೆಟ್ಟಿನೊಳಗೆ ಇಣುಕಿದಳು. "ಇದನ್ನು ಕುಡಿಯೋಕೆ ಹಡಗನ್ನೇ ಕರೆಸಬೇಕಲ್ಲಪ್ಪ!"

"ಹದಿನೈದು ವರ್ಷದಿಂದ ನಲವತ್ತು ಜನಕ್ಕೆ ಮಾಡಿ ಅಭ್ಯಾಸ, ಅಜ್ಜಿ. ಕೈ ಕೇಳಲ್ಲ."

ಜಗಳ ಹುಟ್ಟಿದ್ದು ಎರಡನೆಯ ದಿನ.

"ಹುಟ್ಟುಹಬ್ಬಕ್ಕೆ ಕೋಣೆ ತುಂಬ ಆಕಾಶ ಮಾಡ್ತೀನಿ," ಎಂದಳು ಅವಳು. "ಮೋಡ, ಹಕ್ಕಿ, ನಕ್ಷತ್ರ. ಎಲ್ಲ ನನ್ನ ಕೈಯಾರೆ. ಅಣ್ಣನ ಆಸೆ ಅದು."

"ಕಡಲು," ಎಂದ ಅವನು.

"ಏನು?"

"ಕಡಲು ಮಾಡಬೇಕು. ಅಕ್ಕ ನನಗೆ ಬರೆದಿದ್ದಳು. 'ಮೊದಲ ಹುಟ್ಟುಹಬ್ಬಕ್ಕೆ ಮನೆಯೊಳಗೇ ಕಡಲು ಮಾಡ್ತೀನಿ, ನೀನು ಬರದಿದ್ದರೂ ನಿನ್ನ ಕಡಲು ಇರುತ್ತೆ' ಅಂತ."

"ಅಣ್ಣ ನನ್ನ ಹತ್ತಿರ ಆಕಾಶ ಅಂದಿದ್ದ!"

"ಅಂದರೆ ನನ್ನ ಅಕ್ಕ ಸುಳ್ಳು ಬರೆದಳಾ?"

ಇಬ್ಬರೂ ಸತ್ತವರ ಪರವಾಗಿ ನಿಂತಿದ್ದರು, ಸೋಲುವುದು ಹೇಗೆ? ಅಜ್ಜಿ ಜಪ ನಿಲ್ಲಿಸಿ ಕಣ್ಣು ತೆರೆದಳು.

"ಬದುಕಿದ್ದಾಗಲೂ ಗಂಡ ಹೆಂಡತಿ ಇದಕ್ಕೇ ಕಿತ್ತಾಡ್ತಿದ್ದರು. ಈಗ ಅದನ್ನೂ ಆಸ್ತಿ ಹಾಗೆ ಹಂಚಿಕೊಂಡಿರಾ? ನಿನ್ನ ಹತ್ತಿರ ಇರೋ ಬಟ್ಟೆ ಯಾವ ಬಣ್ಣದ್ದು, ಮಗಳೇ?"

"ನೀಲಿ..."

"ಆಕಾಶ ಯಾವ ಬಣ್ಣ? ಕಡಲು ಯಾವ ಬಣ್ಣ? ಮೇಲೆ ನಿನ್ನ ಅಣ್ಣನದು, ಕೆಳಗೆ ಇವನ ಅಕ್ಕನದು. ಕೆಲಸ ನೋಡಿ."

ಗೋಡೆಯ ನಡುವೆ ಅವಳು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಗೆರೆಯ ಮೇಲೆ ಹತ್ತಿಯ ಮೋಡ. ಕೆಳಗೆ ಚೂರುಬಟ್ಟೆಯ ಮೀನುಗಳು. ಮೀನಿಗೆ ಗುಂಡಿಯ ಕಣ್ಣು. ಅವನು ದಪ್ಪ ಬೆರಳುಗಳಲ್ಲಿ ಸೂಜಿ ಹಿಡಿದು ಹೊಲಿದ ಮೊದಲ ಮೀನು ಆಲೂಗಡ್ಡೆಯಂತಿತ್ತು. ಉಂಡೆಗೆ ಅದೇ ಬೇಕಾಯಿತು. ಬಾಯಿಂದ ಬಿಡಿಸಲು ಇಬ್ಬರೂ ಹೆಣಗಿದರು.

ಅವನು ನೂಲಿನ ಲಡಿಯನ್ನು ಎರಡೂ ಕೈಗೆ ಹಾಕಿಕೊಂಡು ಹಿಡಿದರೆ, ಅವಳು ಎದುರು ಕುಳಿತು ಸುತ್ತುತ್ತಿದ್ದಳು. ಹಾಗೆ ಸುತ್ತುವಾಗ ಒಂದು ಮಧ್ಯಾಹ್ನ ಅವನು ತಾನಾಗಿ ಹೇಳಿದ.

"ಸುದ್ದಿ ಬಂದಾಗ ಒಲೆ ಮೇಲೆ ನಲವತ್ತು ಜನದ ಊಟ ಇತ್ತು. ಬಡಿಸಿದೆ. ಪಾತ್ರೆ ತೊಳೆದೆ. ಆಮೇಲೆ ತಣ್ಣನೆಯ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ."

ಅವಳ ಕೈ ನಿಂತಿತು. "ಅಣ್ಣನ ಕೋಟು ಇನ್ನೂ ಗೂಟದಲ್ಲೇ ಇದೆ. ಒಂದೇ ತೋಳು ಹೊಲಿದಿದ್ದೆ. ಇನ್ನೊಂದನ್ನು ಹೊಲಿಯೋಕೂ ಆಗಲ್ಲ, ಬಿಚ್ಚೋಕೂ ಆಗಲ್ಲ."

ಇಬ್ಬರ ನಡುವೆ ನೂಲೊಂದೇ ಇತ್ತು. ಅವನು ಅದನ್ನು ಸಡಿಲವಾಗಲು ಬಿಡಲಿಲ್ಲ, ಜಗ್ಗಲೂ ಇಲ್ಲ.

'ದೇವರೇ, ಈ ಮನುಷ್ಯ ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು!' ಎಂದುಕೊಂಡಳು ಅವಳು.

ದಿನ ಕಳೆದಂತೆ ಅವನ ಸೂಪು ಬಕೆಟ್ಟಿನಿಂದ ಪಾತ್ರೆಗೆ, ಪಾತ್ರೆಯಿಂದ ಬಟ್ಟಲಿಗೆ ಇಳಿಯಿತು. ಅವಳ ಎದೆಯ ಭಾರ ಮಾತ್ರ ಏರುತ್ತಲೇ ಹೋಯಿತು.

ಹುಟ್ಟುಹಬ್ಬಕ್ಕೆ ಎರಡು ದಿನ ಉಳಿದಿತ್ತು. ಅವಳು ಗೋಡೆಯ ಮುಂದೆ ಮಂಡಿಯೂರಿ, ಅಲೆಗಳಿಗೆ ನೆರಿಗೆ ಹಿಡಿಯುತ್ತಿದ್ದಳು. ತುಟಿಗಳ ನಡುವೆ ಸಾಲಾಗಿ ಸೂಜಿ. ಕತ್ತರಿ ಹುಡುಕುತ್ತಿದ್ದ ಅವನು ಹೊಲಿಗೆ ಯಂತ್ರದ ಅಡಿಯಿಂದ ಒಂದು ಹಾಳೆ ಎತ್ತಿದ.

ಎರಡನೆಯ ವರ್ಷ: ಎದೆ, ಉದ್ದ. ಮೂರನೆಯ ವರ್ಷ: ಎದೆ, ಉದ್ದ. ನಾಲ್ಕು. ಐದು.

ಅವನ ಮುಖ ಕಪ್ಪಿಟ್ಟಿತು.

"ಉಂಡೆಗೆ ಐದು ವರ್ಷ ಆಗುವವರೆಗಿನ ಅಳತೆ ಬರೆದಿಟ್ಟಿದ್ದೀರಿ!"

ಅವಳು ತಿರುಗಿದಳು.

"ಕೊಡೋ ಮನಸ್ಸೇ ಇರಲಿಲ್ಲ, ಅಲ್ವಾ? ನಾನು ಮೂರ್ಖ... ನೂಲು ಹಿಡಿದುಕೊಂಡು ಕೂತಿದ್ದೆ! ಇರೋದೊಂದು ರಕ್ತಸಂಬಂಧ ನನಗೆ. ಅದನ್ನೂ ನಗುನಗುತ್ತ ಕಿತ್ತುಕೊಳ್ಳಬೇಕು ಅಂತಿದ್ದಿರಾ? ಒಂದು ಮಾತಾದರೂ ಆಡಿ!"

ಅವಳು ಒಂದೊಂದೇ ಸೂಜಿ ತೆಗೆಯತೊಡಗಿದಳು. ಕೊನೆಯ ಸೂಜಿ ಬರುವಷ್ಟರಲ್ಲಿ ಅವನು ಹೊರಗೆ ಹೋಗಿ ಬಾಗಿಲು ಬಡಿದ ಸದ್ದಾಯಿತು.

ಅಜ್ಜಿ ಮೊಮ್ಮಗಳ ತಲೆ ಸವರಿದಳು. "ಹೋಗಿ ಹೇಳಬಾರದೇನೇ?"

"ಏನು ಹೇಳಲಿ? ಎಂಟು ದಿನ ಜೊತೆಗಿದ್ದೂ ಹಾಗೆ ಅಂದುಕೊಂಡರಲ್ಲ, ಅಜ್ಜಿ..."

ಅಜ್ಜಿ ಅವಳ ಪಕ್ಕ ಕುಳಿತಳು. "ದೇವರು ಯಾಕೆ ಕಿತ್ತುಕೊಂಡ ಅಂತ ಕೇಳೋ ವಯಸ್ಸು ನನಗೆ ದಾಟಿತು. ಉಳಿಸಿದ್ದಕ್ಕೆ ಕೈ ಮುಗೀತೀನಿ, ಅಷ್ಟೆ. ಉಳಿದದ್ದನ್ನ ನೀವು ಹುಡುಗರು ಕೆಡಿಸಬೇಡಿ."

ಹುಟ್ಟುಹಬ್ಬದ ಬೆಳಿಗ್ಗೆ ಅವನು ಬಂದ. ಕೈಯಲ್ಲಿ ಕೇಕು.

"ಸಂಜೆ ಬಸ್ಸಿಗೆ ಹೊರಡ್ತೀವಿ," ಎಂದ, ನೆಲ ನೋಡುತ್ತ.

ಮಗುವಿನ ಬಟ್ಟೆಯ ಗಂಟು ಬಾಗಿಲ ಬಳಿ ಆಗಲೇ ಸಿದ್ಧವಾಗಿತ್ತು! ಅವನು ಅದನ್ನು ನೋಡಿ ಬೆಚ್ಚಿದ. ಅವಳು ಒಂದು ಹೊಸ ಫ್ರಾಕನ್ನು ಅವನ ಕೈಗಿಟ್ಟಳು.

"ನೀವೇ ಹಾಕಿ. ಇನ್ನು ಮೇಲೆ ನೀವೇ ಹಾಕಬೇಕಲ್ಲ." ಅಷ್ಟು ಹೇಳಿ ಮೀನು ಮೋಡಗಳ ಕೋಣೆಗೆ ಹೋಗಿಬಿಟ್ಟಳು.

ಅವನು ಫ್ರಾಕನ್ನು ತಿರುವಿದ. ಅಕ್ಕ ಕಳಿಸಿದ್ದ ಫೋಟೋದಲ್ಲಿ ಉಟ್ಟಿದ್ದ ಸಣ್ಣ ಹೂವಿನ ಸೀರೆಯ ಬಟ್ಟೆ! ಅಂಚಿನ ಒಳಗೆ ಒಂದರ ಮೇಲೊಂದು ನಾಲ್ಕು ಮಡಿಕೆ. ಕೆಂಪು, ಹಸಿರು, ಹಳದಿ, ಬಿಳಿ ದಾರ. ಜೊತೆಗೆ ಪಿನ್ನು ಚುಚ್ಚಿದ ಚೀಟಿ.

'ಎರಡು ವರ್ಷಕ್ಕೆ ಕೆಂಪು ದಾರ ಎಳೆಯಿರಿ, ಒಂದು ಮಡಿಕೆ ಬಿಚ್ಚಿ ಫ್ರಾಕು ಉದ್ದವಾಗುತ್ತದೆ. ಕತ್ತರಿ ಬೇಡ, ಬಟ್ಟೆ ಹರಿದೀತು. ಮೂರಕ್ಕೆ ಹಸಿರು. ನಾಲ್ಕಕ್ಕೆ ಹಳದಿ. ಐದಕ್ಕೆ ಬಿಳಿ. ಎದೆಯ ಬದಿಗೂ ಹೆಚ್ಚಿನ ಬಟ್ಟೆ ಬಿಟ್ಟಿದ್ದೇನೆ. ಅಷ್ಟರವರೆಗೆ ಅವಳ ಅಮ್ಮನ ಬಟ್ಟೆ ಅವಳ ಮೈಮೇಲೆ ಇರಲಿ. ನನ್ನನ್ನು ಕರೆಸುವ ತೊಂದರೆ ನಿಮಗೆ ಬೇಡ.'

ಅವನು ಮತ್ತೆ ಓದಿದ. ಮೂರನೆಯ ಸಲ ಅಕ್ಷರ ಕಾಣಲಿಲ್ಲ.

ಕೊಡಲು ಮನಸ್ಸಿಲ್ಲದವಳಲ್ಲ ಅವಳು. ಕೊಟ್ಟ ಮೇಲಿನ ನಾಲ್ಕು ವರ್ಷಗಳನ್ನೂ ಮೊದಲೇ ಹೊಲಿದು ಮುಗಿಸಿದ್ದವಳು!

ಅವನು ಕೋಣೆಯ ಬಾಗಿಲಿಗೆ ಬಂದ. ಅವಳು ಗೋಡೆಯ ಗೆರೆಗೆ ಬೆನ್ನು ಕೊಟ್ಟು ಕುಳಿತಿದ್ದಳು, ತಲೆಯ ಸುತ್ತ ಮೋಡ, ಮೊಣಕೈಯ ಬಳಿ ಆ ಆಲೂಗಡ್ಡೆ ಮೀನು.

"ಅವತ್ತು ಯಾಕೆ ಹೇಳಲಿಲ್ಲ?"

"ಬಾಯಲ್ಲಿ ಐದು ಸೂಜಿ ಇತ್ತು. ತೆಗೆಯೋ ಅಷ್ಟರಲ್ಲಿ ನೀವು ಬೀದಿ ದಾಟಿದ್ದಿರಿ."

ಅವನಿಗೆ ನಗು ಬಂತು. ಅದು ಅರ್ಧಕ್ಕೇ ಅಳುವಾಯಿತು. ಬಾಗಿಲ ಬಳಿಯೇ ಕುಸಿದು ಕುಳಿತ.

"ತಪ್ಪಾಯಿತು... ನನ್ನ ಬಾಯಲ್ಲಿ ಸೂಜಿಯೂ ಇರಲಿಲ್ಲ. ಆಡಬಾರದ್ದು ಆಡಿದೆ. ಹೇಳಬೇಕಾದ್ದು ಹೇಳಲಿಲ್ಲ."

"ಏನು ಹೇಳಬೇಕಿತ್ತು?"

ಹೊರಗೆ ಅಜ್ಜಿ ಕೇಕಿನ ಮುಚ್ಚಳ ತೆಗೆದು ನೋಡಿದಳು. "ಇಷ್ಟೇನಾ? ನಲವತ್ತು ಜನಕ್ಕಿಲ್ಲವೇನಪ್ಪ ಇವತ್ತು?"

"ಇಲ್ಲ, ಅಜ್ಜಿ. ನಾಲ್ಕೇ ಜನಕ್ಕೆ," ಎಂದ ಅವನು, ಅವಳನ್ನೇ ನೋಡುತ್ತ. ಆಮೇಲೆ ದನಿ ತಗ್ಗಿಸಿದ. "ನಲವತ್ತರಿಂದ ನಾಲ್ಕಕ್ಕೆ ಇಳಿಸೋದು ಈ ಮನೆಯಲ್ಲಿ ಕಲಿತೆ. ನಾಲ್ಕರಿಂದ ಎರಡಕ್ಕೆ ಇಳಿಸೋದು... ನನ್ನ ಕೈಲಾಗಲ್ಲ. ಸಂಜೆ ಬಸ್ಸು ಬೇಡ. ಅಡುಗೆ ಕೆಲಸ ಎಲ್ಲಾದರೂ ಸಿಗುತ್ತೆ. ನೀವು ಬೇರೆ ಎಲ್ಲೂ ಸಿಗಲ್ಲ."

ಈ ಸಲ ಅವಳ ಬಾಯಲ್ಲಿ ಸೂಜಿಗಳಿರಲಿಲ್ಲ, ಕಣ್ಣಲ್ಲಿ ನೀರಿತ್ತು.

ಅವರ ನಡುವೆ ಉಂಡೆ ತೆವಳಿ ಬಂತು. ಅವನ ಕೈಯ ಫ್ರಾಕಿನಿಂದ ಇಳಿಬಿದ್ದ ಕೆಂಪು ದಾರದ ತುದಿ ಹಿಡಿದು ಎಳೆಯಲು ನೋಡಿತು. ಇಬ್ಬರೂ ಒಟ್ಟಿಗೇ ಅದರ ಪುಟ್ಟ ಮುಷ್ಟಿ ಹಿಡಿದರು. ಹಿಡಿದ ಕೈಗಳು ಹಾಗೆಯೇ ಉಳಿದವು.

"ಅದಕ್ಕೆ ಇನ್ನೂ ಒಂದು ವರ್ಷ ಇದೆ, ಕಂದ," ಎಂದಳು ಅವಳು.

"ಅಲ್ಲಿಯವರೆಗೆ ನಾನು ಇರಬಹುದಾ?"

"ಕೆಂಪು ದಾರದವರೆಗೆ ಮಾತ್ರವಾ?"

"ಹಸಿರು, ಹಳದಿ, ಬಿಳಿ... ಎಲ್ಲ."

"ಬಿಳಿ ದಾರ ಬಿಚ್ಚಿದ ಮೇಲೆ?"

"ಹೊಸದು ಹೊಲಿ. ನೂಲು ನಾನು ಹಿಡಿದುಕೊಳ್ತೀನಿ."