ಹಲ್ಲು ಮೂಡದವರ ಗಂಟು

ಬಹಳ ಬಹಳ ಹಿಂದೆ, ಭೂಮಿಗೆ ಇನ್ನೂ ಬೇಲಿ ಹಾಕಿ ಮುಗಿಯದಿದ್ದ ಕಾಲದಲ್ಲಿ, ಕೀಲಾರವೆಂಬ ರಾಜ್ಯದ ಕಟ್ಟಕಡೆಯಲ್ಲಿ ಒಂದು ಹೊಸ ಸೀಮೆಯಿತ್ತು. ಮುಳ್ಳುಕಾಡು ಕಡಿದು ಅಲ್ಲಿ ನೆಲೆಸಿದವರು ನಮ್ಮ ಹಿರಿಯರು. ಎಂಥ ಗಟ್ಟಿಗರು ಅಂತೀರಿ! ಅವರ ಅಂಗಾಲಿಗೆ ಚುಚ್ಚಿದ ಮುಳ್ಳೇ ಕುಂಟುತ್ತ ಮನೆಗೆ ಹೋಗುತ್ತಿತ್ತು. ಅವರು ಸೀನಿದರೆ ಪಕ್ಕದ ರಾಜ್ಯದವರು ಕೊಡೆ ಬಿಚ್ಚುತ್ತಿದ್ದರು.

ಇದ್ದದ್ದು ಒಂದೇ ಕೊರತೆ. ಅಲ್ಲಿನ ಬಾವಿಯ ನೀರು ಬೇವಿನಷ್ಟು ಕಹಿ. ದೊಡ್ಡವರು ಹೇಗೋ ಕುಡಿದು ಬದುಕುತ್ತಿದ್ದರು. ಎಳೆಗೂಸುಗಳಲ್ಲಿ ಉಳಿಯುತ್ತಿದ್ದದ್ದು ಕೆಲವೇ.

"ಸೀಮೆಯಲ್ಲಿ ಸಾವಿರ ತಲೆ ಎಣಿಸಿ ತೋರಿಸಿ. ನನ್ನ ಹಿತ್ತಾಳೆ ಗಿಂಡಿಯಲ್ಲಿರುವ ಸಿಹಿನೀರಿನ ಬುಗ್ಗೆ ನಿಮ್ಮದು" ಎಂದು ಅರಸ ಮಾತು ಕೊಟ್ಟಿದ್ದ.

ಆ ಗಿಂಡಿ ಇದ್ದದ್ದು ಗಡಿ ಅಳೆಯುವ ಮಾಯಣ್ಣನ ಕೈಯಲ್ಲಿ. ಮಾಯಣ್ಣ ಮಾಂತ್ರಿಕ. ಬುಗ್ಗೆಯ ನೀರನ್ನು ತನ್ನ ತಾವರೆಕೊಳಕ್ಕೆ ಬಿಟ್ಟುಕೊಂಡಿದ್ದ. ಅವನ ಅಳತೆಯ ಸರಪಳಿ ಒಂದು ಹಾವು. ಹಾವು ಮಲಗಿದ್ದೇ ಗಡಿ. ಗಡಿಯಾಚೆ ಬಿದ್ದವರು ಮರಳಿ ದಾಟಲಾರರು, ಅವರ ದನಿಯೂ ಈಚೆಗೆ ಕೇಳಿಸದು. ಆದರೆ ಹಾವಿಗೂ ಒಂದು ಕಟ್ಟಳೆಯಿತ್ತು. ಒಂದು ಎಣಿಕೆಗೆ ಒಂದೇ ಸಲ ಸರಿಯಬೇಕು. ಎರಡನೇ ಸಲ ಸರಿದರೆ ತನ್ನನ್ನು ತಾನೇ ನುಂಗಬೇಕು.

ತಲೆ ಎಣಿಸುವವನು ಚಿಕ್ಕೀರ. ತಲೆಗೊಂದರಂತೆ ಹುರಿಹಗ್ಗಕ್ಕೆ ಗಂಟು ಹಾಕುತ್ತಿದ್ದ. ಹಲ್ಲು ಮೂಡದ ಕೂಸಿಗೆ ಮಾತ್ರ ಗಂಟಿಲ್ಲ. ಎಣಿಸಿದರೆ ಯಮನ ಕಿವಿಗೆ ಬೀಳುತ್ತದೆ ಎಂದು ಸೂಲಗಿತ್ತಿ ತಿಪ್ಪವ್ವ ಹೇಳಿದ್ದಳು. ಯಮನ ಕಣ್ಣಿಗೇ ಮಣ್ಣೆರಚುವ ಜಾಣರು ನಮ್ಮವರು!

ಮೊದಲ ಸಲ ಎಣಿಸಿದಾಗ ಸಾವಿರದ ಏಳು ಗಂಟು. ಚಿಕ್ಕೀರ ಕುಣಿಯುತ್ತ ಹಗ್ಗವನ್ನು ಗಡಿಬಾಗಿಲಿಗೆ ಒಯ್ದ. ಮಾಯಣ್ಣ ಸಿಳ್ಳೆ ಹಾಕಿದ. ಹಾವು ಸರಿಯಿತು. ಕುಂಬಾರರ ಕೇರಿ ಆಚೆ ಬಿತ್ತು. ಹಗ್ಗದಲ್ಲಿ ನಲವತ್ತು ಗಂಟು ತಂತಾನೇ ಬಿಚ್ಚಿಕೊಂಡವು.

"ಮೂವತ್ತಮೂರು ಕಡಿಮೆ. ಮೂರು ವರ್ಷ ಬಿಟ್ಟು ಬಾಪ್ಪಾ" ಎಂದ ಮಾಯಣ್ಣ.

ಆ ಬೇಸಿಗೆಯಲ್ಲಿ ಚಿಕ್ಕೀರನ ಹೆಂಡತಿ ಹೊನ್ನೀರಿಯ ಮೊದಲ ಕೂಸು ತೀರಿಕೊಂಡಿತು. ಅದಕ್ಕಿನ್ನೂ ಹಲ್ಲು ಮೂಡಿರಲಿಲ್ಲ.

ಹೊಸ ಒಕ್ಕಲುಗಳೂ ಬಂದು ಸೇರಿ, ಎರಡನೇ ಸಲ ಸಾವಿರದ ಹನ್ನೆರಡು. ಮಾಯಣ್ಣ ಸಿಳ್ಳೆ ಹಾಕಿದ. ಹಾವು ಸರಿಯಿತು. ಬೆಸ್ತರ ಕೇರಿ ಆಚೆ ಬಿತ್ತು. ಮೀನು ತರಲು ಹೋಗಿದ್ದ ಚಿಕ್ಕೀರನ ಅವ್ವನೂ ಅವರ ಜೊತೆ ಆಚೆ ಉಳಿದಳು. ಐವತ್ತು ಗಂಟು ಬಿಚ್ಚಿಕೊಂಡವು. ಅವ್ವ ಎರಡೂ ಕೈಯೆತ್ತಿ ಏನೋ ಕೂಗುತ್ತಿದ್ದಳು. ಬಾಯಿ ಕಾಣಿಸುತ್ತಿತ್ತು, ಮಾತು ಕೇಳಿಸಲಿಲ್ಲ.

"ಮೂವತ್ತೆಂಟು ಕಡಿಮೆ" ಎಂದ ಮಾಯಣ್ಣ.

ಆ ಬೇಸಿಗೆಯಲ್ಲಿ ಹೊನ್ನೀರಿಯ ಎರಡನೇ ಕೂಸೂ ಹೋಯಿತು.

ಮೂರನೇ ಸಲ ಸಾವಿರದ ನಾಲ್ಕು. ಈ ಸಲ ಹೊನ್ನೀರಿಯೂ ಎರಡು ತಿಂಗಳ ಮಗಳನ್ನು ಎತ್ತಿಕೊಂಡು ಗಂಡನ ಹಿಂದೆಯೇ ಬಂದಳು. ಅವಳ ಬೆನ್ನಿಗೆ ತಿಪ್ಪವ್ವ. ಮಾಯಣ್ಣ ಸಿಳ್ಳೆ ಹಾಕಿದ. ಹಾವು ಸರಿಯಿತು. ದಿಬ್ಬದ ಮೇಲಿನ ಒಂದೇ ಮನೆ ಆಚೆ ಬಿತ್ತು. ಐದು ಗಂಟು ಬಿಚ್ಚಿಕೊಂಡವು.

"ಅಯ್ಯೋ ಪಾಪ, ಒಂದೇ ಒಂದು ಕಡಿಮೆ!" ಎಂದು ಮಾಯಣ್ಣ ಲೊಚಗುಟ್ಟಿದ. "ಏನಪ್ಪಾ, ಇಷ್ಟು ದೊಡ್ಡ ಸೀಮೇಲಿ ಇನ್ನೊಂದು ತಲೆ ಹುಟ್ಟಲಿಲ್ವಾ?"

ಹೊನ್ನೀರಿ ಮಗಳನ್ನು ಮುಂದೆ ಹಿಡಿದಳು. "ಇದಕ್ಕೊಂದು ಗಂಟು ಹಾಕು."

ತಿಪ್ಪವ್ವ ಹೌಹಾರಿದಳು. "ಹುಚ್ಚಿ! ಹಲ್ಲು ಮೂಡಿಲ್ಲ ಕಣೇ. ಯಮ ಕೇಳಿಸ್ಕೊಂತಾನೆ!"

"ಕೇಳಿಸ್ಕೊಳ್ಲಿ ಬಿಡು ಅಜ್ಜಿ. ಮೊದಲಿನ ಎರಡನ್ನೂ ಎಣಿಸಿರಲಿಲ್ಲ. ಯಮ ಬಿಟ್ಟನಾ?"

ಚಿಕ್ಕೀರ ಹಗ್ಗ ಹಿಡಿದು ಗಂಟು ಬಿಗಿದ.

ಸಾವಿರ.

ಮಾಯಣ್ಣನಿಗೆ ಕೋಪ ನೆತ್ತಿಗೇರಿತು. ಕಟ್ಟಳೆ ಮರೆತು ಇನ್ನೊಂದು ಸಿಳ್ಳೆ ಹಾಕಿಬಿಟ್ಟ. ಹಾವು ಸರಿಯಿತು. ಸರಿದದ್ದೇ ತಡ, ತನ್ನ ಬಾಲ ಕಚ್ಚಿ ನುಂಗತೊಡಗಿತು. ಕೊನೆಗೆ ತನ್ನ ತಲೆಯನ್ನೂ ನುಂಗಿತು. ಹೇಗೆ ಅಂತ ಕೇಳಬೇಡಿ, ನುಂಗಿತು. ಮಾಯಣ್ಣ ನಿಂತಲ್ಲೇ ಕಲ್ಲಾದ. ಇವತ್ತಿಗೂ ನಮ್ಮ ಸೀಮೆಯ ನಾಯಿಗಳು ಕಾಲೆತ್ತಬೇಕಾದರೆ ಅಲ್ಲಿಗೇ ಹೋಗಿ ಸರದಿ ನಿಲ್ಲುತ್ತವೆ.

ಗಡಿ ಅಳಿದದ್ದೇ, ಆಚೆಯವರ ಇಷ್ಟು ವರ್ಷದ ಕೂಗೆಲ್ಲ ಒಟ್ಟಿಗೆ ಬಂದು ಕಿವಿಗಪ್ಪಳಿಸಿತು. ಅದರಲ್ಲಿ ಅವ್ವನ ದನಿಯೂ ಇತ್ತು. ಮೂರು ವರ್ಷದ ಹಿಂದೆ ಅವಳು ಕೂಗಿದ್ದ ಮಾತು ಚಿಕ್ಕೀರನಿಗೆ ಆಗ ಕೇಳಿಸಿತು.

"ತೊಟ್ಟಿಲಲ್ಲಿರೋವನ್ನೂ ಎಣಿಸೋ, ಮಗನೇ!"

ಚಿಕ್ಕೀರ ತಿಪ್ಪವ್ವನ ಕಡೆ ತಿರುಗಿದ. "ಅಜ್ಜಿ, ಆವತ್ತು ತೊಟ್ಟಿಲಲ್ಲಿ ಎಷ್ಟಿದ್ವು?"

ಎಲ್ಲ ಕೂಸುಗಳನ್ನೂ ಹುಟ್ಟುವಾಗ ಕೈಯಲ್ಲಿ ಹಿಡಿದವಳು ಅವಳೇ. ಮರೆಯುವಂತಿರಲಿಲ್ಲ.

"ನಲವತ್ತೊಂದು." ಆ ಸಲ ಕಡಿಮೆ ಬಿದ್ದದ್ದು ಮೂವತ್ತೆಂಟೇ.

"ಅದರ ಹಿಂದಿನ ಸಲ?"

ತಿಪ್ಪವ್ವ ಬೆರಳು ಮಡಿಸುತ್ತ ಮೂವತ್ತಮೂರನ್ನೂ ದಾಟಿ ಹೋದಳು. ಮಡಿಸಿ ಮುಗಿಸಿ, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಕಲ್ಲಾದ ಮಾಯಣ್ಣನ ಕೈಯಿಂದ ಗಿಂಡಿ ಉರುಳಿ ಬುಗ್ಗೆ ಚಿಮ್ಮಿತು. ಕುಂಬಾರರು ಬಂದರು, ಬೆಸ್ತರು ಬಂದರು, ಅವ್ವ ಬಂದಳು. ಆಮೇಲೆ ಹುಟ್ಟಿದ ಕೂಸುಗಳಿಗೆಲ್ಲ ಹಲ್ಲು ಮೂಡಿದವು. ಎಲ್ಲರೂ ಸಿಹಿನೀರು ಕುಡಿದು ಸುಖವಾಗಿ ಬಾಳಿದರು. ಅಂಥ ನೀರು ಮೂರು ಲೋಕದಲ್ಲೂ ಇಲ್ಲ, ನನ್ನಾಣೆ!

ಹೊನ್ನೀರಿ ಆ ನೀರನ್ನು ಮಗಳ ತುಟಿಗೆ ಮುಟ್ಟಿಸಿದಳು. ಇನ್ನೆರಡು ಬೊಗಸೆ ತುಂಬಿ, ಮೊದಲಿನೆರಡು ಕೂಸುಗಳಿಗೆಂದು ಮಣ್ಣಿಗೆ ಬಿಟ್ಟಳು. ಆಮೇಲೆ ಕೊಡ ಎತ್ತಿಕೊಂಡು ಹಳೇ ಕಹಿಬಾವಿಯ ಕಡೆ ನಡೆದಳು. ಸಾಯುವವರೆಗೂ ಅವಳು ಕುಡಿದದ್ದು ಅದರ ನೀರನ್ನೇ.