ಸಂಕವ್ವನ ಹಿತ್ತಾಳೆ ಡಬ್ಬಿ

ತೊಟ್ಟಿಲು ಮೂರು ಸಲ ತೂಗಿ ನಿಂತಿತು. ಒಳಗಿನಿಂದ ಇಂಚರಾ ಪಟ್ಟೇದ ಇಳಿದಳು. ಅವಳ ಇಳಕಲ್ ಸೀರೆಯ ಸೆರಗಿಗೆ ೧೯೪೪ರ ಒಲೆಯ ಹೊಗೆವಾಸನೆ ಇನ್ನೂ ಅಂಟಿಕೊಂಡಿತ್ತು.

ಅದು ೨೦೬೮ನೇ ಇಸವಿಯ ಒಂದು ಬೆಳಗು, ಬೆಳಗಾವಿಯ ಕಾಲಸಂಶೋಧನಾಲಯ. ತೊಟ್ಟಿಲೆಂದರೆ ಡಾ. ಶಾಲ್ಮಲಾ ಕುಲಗೋಡ ಅವರು ಹನ್ನೊಂದು ವರ್ಷ ಕೂತು ಕಟ್ಟಿದ ಯಂತ್ರ. ಕೂಸಿನ ತೊಟ್ಟಿಲನ್ನು ಅತ್ತ ನೂಕಿದರೆ ತಾನಾಗಿಯೇ ಇತ್ತ ಬರುವಂತೆ, ಅದು ಒಬ್ಬರನ್ನು ಹಿಂದಿನ ಕಾಲಕ್ಕೆ ತೂಗಿ, ಅರ್ಧ ತಾಸಿನ ಮೇಲೆ ಮರಳಿ ತರುತ್ತಿತ್ತು. ಅದಕ್ಕಿದ್ದ ಕಾನೂನು ಒಂದೇ: ಅಲ್ಲಿಂದ ಏನೂ ತರಬಾರದು, ಇಲ್ಲಿನದೇನನ್ನೂ ಅಲ್ಲಿ ಬಿಟ್ಟು ಬರಬಾರದು. ಒಂದು ಅಂಗಿಯ ಗುಂಡಿ ಆಚೀಚೆಯಾದರೂ ಸರ್ಕಾರ ತೊಟ್ಟಿಲಿಗೆ ಬೀಗ ಹಾಕುತ್ತಿತ್ತು.

ಇಂಚರಾ ಎರಡನೇ ಮಹಾಯುದ್ಧದ ಇತಿಹಾಸಕಾರಳು. ಅವಳಿಗೆ ರಣರಂಗಕ್ಕಿಂತ ಸಿಪಾಯಿಗಳ ಮನೆಯ ಸುದ್ದಿಯ ಮೇಲೆ ಆಸೆ. ಬರ್ಮಾ ಗಡಿಯಲ್ಲಿದ್ದ ಕಲ್ಲಪ್ಪನೆಂಬ ಸಿಪಾಯಿ ಇದೇ ಊರಿನಲ್ಲಿದ್ದ ತನ್ನ ತಾಯಿ ಸಂಕವ್ವನಿಗೆ ಬರೆದ ಒಂದು ಪತ್ರ ಪತ್ರಾಗಾರದಲ್ಲಿ ಉಳಿದಿತ್ತು. ಮಿಕ್ಕವು ಗೆದ್ದಲಿನ ಪಾಲಾಗಿದ್ದವು. ‘ಡಬ್ಬಿ ತುಂಬಿ ಕೊಟ್ಟ ಅಕ್ಕ’ನಿಗೆ ಅದರಲ್ಲಿ ಕಲ್ಲಪ್ಪ ಶರಣು ಹೇಳಿದ್ದ. ಆಕೆ ನೆರೆಮನೆಯವಳಿರಬೇಕೆಂದು ಇಂಚರಾ ಬದಿಯಲ್ಲಿ ಗುರುತು ಹಾಕಿಕೊಂಡಿದ್ದಳು. ಸಂಕವ್ವನಿಗೆ ಓದು ಬಾರದು, ಓದಬಲ್ಲ ಯಾರೇ ಸಿಕ್ಕರೂ ಕೂಡಿಸಿ ಪತ್ರ ಓದಿಸುತ್ತಿದ್ದಳು ಎಂಬುದೂ ಗೊತ್ತಾಗಿತ್ತು. ಹಾಗಾಗಿ ಇಂಚರಾ ಸಾಲಿಯ ಟೀಚರಮ್ಮನ ವೇಷದಲ್ಲಿ ಹೋಗಿ, ಕಳೆದುಹೋಗಿದ್ದ ಏಳು ಪತ್ರಗಳನ್ನು ಓದಿ, ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಶಾಲ್ಮಲಾ ಅವರ ಮುಖ ಅರಳಿತು. ಆಮೇಲೆ ಅವರ ಕಣ್ಣು ಸೆರಗಿನ ಮರೆಯಲ್ಲಿದ್ದ ಹಿತ್ತಾಳೆ ಡಬ್ಬಿಯ ಮೇಲೆ ಬಿತ್ತು. ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದಿತ್ತು: ಸಂಕವ್ವ.

“ಅಗಸಿ ಹಿಂಡಿ,” ಎಂದಳು ಇಂಚರಾ, ದನಿ ಇಳಿಸಿ. ಡಬ್ಬಿಯ ತುಂಬ ಅಗಸೆಯ ಚಟ್ನಿಪುಡಿ. “ಬ್ಯಾಡ ಅಂದೆ ಮೇಡಮ್. ನಮ್ಮನಿದು ತಿನ್ನಂಗಿಲ್ಲೇನು ಅಂತ ಕೇಳಿದ್ಲು. ಆಮ್ಯಾಲ ಹೆಂಗ ಬ್ಯಾಡ ಅನ್ನಲಿ?”

“ಆರು ತಿಂಗಳು ತರಬೇತಿ ಕೊಟ್ಟೆ,” ಎಂದರು ಶಾಲ್ಮಲಾ. “ಪೊಲೀಸರು ಹಿಡದ್ರ ಏನು ಹೇಳಬೇಕು, ಬಾಂಬ್ ಬಿದ್ರ ಎಲ್ಲಿ ಅಡಗಬೇಕು, ಎಲ್ಲಾ ಕಲಿಸಿದೆ. ಮುದುಕಿ ಹಿಂಡಿ ಕೊಟ್ರ ಏನು ಮಾಡಬೇಕು ಅನ್ನೂದು ಮರತೆ ನೋಡು.”

ಸರ್ಕಾರದ ಪರಿಶೀಲನಾ ಸಮಿತಿ ಹನ್ನೆರಡು ಗಂಟೆಗೆ ಬರುವುದಿತ್ತು. ಅಷ್ಟರೊಳಗೆ ಡಬ್ಬಿ ಅದರ ಕಾಲಕ್ಕೆ ಮರಳಬೇಕು. ಒಮ್ಮೆ ತೂಗಿಸಿಕೊಂಡ ದೇಹ ಮೂರು ದಿನ ವಿಶ್ರಾಂತಿ ಬೇಡುತ್ತದೆ, ಹಾಗಾಗಿ ಇಂಚರಾ ಹೋಗುವಂತಿರಲಿಲ್ಲ. ತೊಟ್ಟಿಲು ಕಟ್ಟಿದವರೇ ಮೊದಲ ಬಾರಿ ಅದರಲ್ಲಿ ಕೂರಬೇಕಾಯಿತು. ಹಿಂಡಿಯನ್ನು ಇಬ್ಬರೂ ರೊಟ್ಟಿಗೆ ಹಚ್ಚಿಕೊಂಡು ತಿಂದು ಸಾಕ್ಷಿ ಅಳಿಸಿದರು. ಶಾಲ್ಮಲಾ ಕ್ಯಾಂಟೀನಿಗೆ ಹೋಗಿ ತಾವೇ ಡಬ್ಬಿ ತೊಳೆದು ಒರೆಸಿಕೊಂಡು ಬಂದು, ಇಂಚರಾಳ ಸೀರೆಯನ್ನೇ ಉಟ್ಟು ಹೊರಟರು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮರಳಿದರು. ಕೈ ಖಾಲಿಯಿತ್ತು, ಮುಖ ಬಿಳಿಚಿತ್ತು.

“ಕೊಟ್ಟು ಬಂದ್ರಿಲ್ಲೋ?”

“ಕೊಟ್ಟೆ.” ಅವರು ಕುರ್ಚಿಯ ಮೇಲೆ ಕುಸಿದರು. “ಖಾಲಿ ಡಬ್ಬಿ ಕೊಡಾಕ ಕೈ ಕೇಳಲಿಲ್ಲ, ಇಂಚರಾ.”

ಶಾಲ್ಮಲಾ ಅವರ ಅಜ್ಜಿ, ಇಸಕೊಂಡ ಪಾತ್ರೆ ಖಾಲಿ ತಂದವರನ್ನು ಹೊಸ್ತಿಲಿನಿಂದಲೇ ತಿರುಗಿ ಕಳಿಸುತ್ತಿದ್ದಳು. ಆ ಅಭ್ಯಾಸ ಕೈಯಲ್ಲೇ ಉಳಿದಿತ್ತು. ಕ್ಯಾಂಟೀನಿನಲ್ಲಿ ಡಬ್ಬಿ ಒರೆಸಿದ ಕೈ, ಅವರನ್ನು ಕೇಳದೆಯೇ, ಪಕ್ಕದ ಚೀಲದಿಂದ ಅಕ್ಕಿ ತುಂಬಿ ಮುಚ್ಚಳ ಹಾಕಿತ್ತು. ಸಂಕವ್ವ ಮುಚ್ಚಳ ತೆಗೆದಾಗಲೇ ಅವರಿಗೆ ತಿಳಿದದ್ದು.

ಸಂಕವ್ವ ಅಕ್ಕಿ ನೋಡುತ್ತ ನೆಲದ ಮೇಲೆ ಕೂತುಬಿಟ್ಟಿದ್ದಳು. ಮರುದಿನ ಸೊಸೆಯ ಕುಬಸ. ಬಸುರಿಗೆ ಐದು ಬಗೆಯ ಅನ್ನದ ಬುತ್ತಿ ಉಣಿಸಬೇಕು. ಬರ್ಮಾ ಜಪಾನೀಯರ ಪಾಲಾದ ಮೇಲೆ ಅಲ್ಲಿನ ಅಕ್ಕಿಯ ಹಡಗುಗಳು ನಿಂತುಹೋಗಿದ್ದವು. ಬಜಾರಿನಲ್ಲಿ ಅಕ್ಕಿಯಿಲ್ಲ, ಮನೆಯಲ್ಲಿ ಬರೀ ಜೋಳ.

“ಗಂಡ ದಂಡಿನ್ಯಾಗ ಅದಾನ, ಬುತ್ತಿ ಇಲ್ಲದ ಕುಬಸ ಮಾಡಿದ್ರ ಹುಡುಗಿ ಮನಸು ಏನಾದೀತು ಅಂತ ಅಳಕೋತ ಕುಂತಿದ್ದೆ ತಾಯಿ,” ಎಂದಿದ್ದಳು. ಅಂಥವಳ ಕೈಯಿಂದ ಅಕ್ಕಿ ಕಿತ್ತುಕೊಳ್ಳುವುದು ಶಾಲ್ಮಲಾ ಅವರಿಂದ ಆಗಲಿಲ್ಲ.

ಈಗ ಅವರು ಕಾಗದ ಎಳೆದುಕೊಂಡು ತಪ್ಪೊಪ್ಪಿಗೆ ಬರೆಯಲು ಕೂತರು. ಹನ್ನೊಂದು ವರ್ಷದ ಕೆಲಸ ಒಂದು ಡಬ್ಬಿ ಅಕ್ಕಿಗೆ ಹೋಗುವುದಿತ್ತು. ಇಂಚರಾ ಪತ್ರಾಗಾರದ ಕಪಾಟಿನಿಂದ ಕಲ್ಲಪ್ಪನ ಹಳೆಯ ಪತ್ರ ತಂದು ಅವರ ಮುಂದಿಟ್ಟಳು. ನಾಲ್ಕು ವರ್ಷದಿಂದ ಅವಳು ಓದುತ್ತ ಬಂದದ್ದು ಅದೇ ಪತ್ರ, ಅವೇ ಅಕ್ಷರ.

“ಅವ್ವಗ ಕಲ್ಲಪ್ಪನ ಶರಣು. ಕುಬಸ ಚಲೋ ಆತಂತ ತಿಳಿದು ಜೀವಕ್ಕ ಸಮಾಧಾನಾತು. ಡಬ್ಬಿ ತುಂಬಿ ಕೊಟ್ಟ ಅಕ್ಕಗ ನನ್ನ ಶರಣು ತಿಳಿಸು.”

ಶಾಲ್ಮಲಾ ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ಹಾಕಿದರು.

ಸಮಿತಿ ಬಂದಾಗ ಏನನ್ನೂ ಮುಚ್ಚಿಡದೆ ಪತ್ರವನ್ನು ಮೇಜಿನ ಮೇಲಿಟ್ಟರು. ಇತಿಹಾಸ ಕೆಟ್ಟಿರಲಿಲ್ಲ, ಆ ಅಕ್ಕಿ ಮೊದಲಿಂದಲೂ ಅದರೊಳಗೇ ಇತ್ತು. ಸಮಿತಿಯ ಹಿರಿಯರು ಕನ್ನಡಕ ತೆಗೆದು ಒರೆಸಿದರು. ತೊಟ್ಟಿಲಿಗೆಂದು ತಂದಿದ್ದ ಬೀಗ ಮರಳಿ ಅವರ ಚೀಲ ಸೇರಿತು. ಹೊರಡುವಾಗ ಅವರು ಕೇಳಿದ್ದು ಒಂದೇ ಮಾತು: “ಹಿಂಡಿ ಸ್ವಲ್ಪಾದ್ರೂ ಉಳದೈತೇನ್ರಿ?”

ಹಾಗೆ ನೋಡಿದರೆ ೨೦೬೮ರ ಮಂದಿಗೆ ನಮ್ಮ ಈ ದಿನವೂ ಹಳೆಯ ಕಾಲವೇ. ಗುರುತಿಲ್ಲದ ಹೆಣ್ಣುಮಗಳೊಬ್ಬಳು ಬಾಗಿಲಿಗೆ ಬಂದು ನಿಮ್ಮ ಮನೆಯ ಸುದ್ದಿಯನ್ನು ಅತಿ ಆಸೆಯಿಂದ ಕೇಳಿದರೆ, ಒಳಗೆ ಕರೆದು ಕೂಡಿಸಿ. ಹೊರಟಾಗ ಒಂದು ಡಬ್ಬಿಯನ್ನು ಕೈಗಿಡಿ. ಅದು ತುಂಬಿ ಬರಲು ನೂರು ವರ್ಷ ಹಿಡಿದೀತು; ಇಲ್ಲವೇ ಇನ್ನೊಂದು ತಾಸಿನಲ್ಲಿ ಬಾಗಿಲು ಸಪ್ಪಳವಾದೀತು.